ಒಂದು ಇಂಚು ನೀರಿಗೆ 70 ಯೂನಿಟ್

ಗದಗ ಜಿಲ್ಲೆಯ ಶಿರಹಟ್ಟಿ ತಾಲ್ಲೂಕಿನ ಬೆಳ್ಳಟ್ಟಿಯಲ್ಲಿ ಒಂದು ಎಕರೆ ಉಳ್ಳಾಗಡ್ಡಿಗೆ ಒಂದು ಇಂಚು ನೀರು ನಿಲ್ಲಿಸಬೇಕಾದರೆ 1.03 ಲಕ್ಷ ಲೀಟರ್ ಬೇಕು. ಎಕರೆಗೆ 4,047 ಚದರ ಮೀಟರ್, ಇಂಚಿಗೆ 2.54 ಸೆಂ.ಮೀ.; ಗುಣಿಸಿ ನೋಡಬಹುದು. ಬೋರಿನ ನೀರು 100 ಮೀಟರ್, ಅಂದರೆ ಸುಮಾರು 330 ಅಡಿ ಕೆಳಗಿದೆ ಎಂದು ಹಿಡಿಯೋಣ. ಮುಂದಿನದು ಹೈಸ್ಕೂಲು ಮಕ್ಕಳ ಲೆಕ್ಕವೇ: ದ್ರವ್ಯರಾಶಿ, ಗುರುತ್ವದ 9.8, ಎತ್ತರ, ಮೂರನ್ನೂ ಗುಣಿಸಿದರೆ ಕೆಲಸ.

ಲೀಟರಿಗೆ 980 ಜೂಲ್. ಇಡೀ ಇಂಚಿಗೆ ಸುಮಾರು 10 ಕೋಟಿ ಜೂಲ್. ಕರೆಂಟಿನ ಒಂದು ಯೂನಿಟ್ಟಿನಲ್ಲಿ 36 ಲಕ್ಷ ಜೂಲ್ ಇರುವುದರಿಂದ ಉತ್ತರ 28 ಯೂನಿಟ್.

ಇದು ನೋಟ್‌ಬುಕ್ಕಿನ ಉತ್ತರ. ಹೊಲದಲ್ಲಿ ಮೋಟಾರು ಬಿಸಿಯಾಗುತ್ತದೆ, ಪೈಪಿನ ಒಳಮೈಗೆ ನೀರು ಉಜ್ಜುತ್ತದೆ, ಸವೆದ ಪಂಪು ಇನ್ನಷ್ಟು ತಿನ್ನುತ್ತದೆ. ಒಟ್ಟು ದಕ್ಷತೆ ಶೇ. 40 ಎಂದುಕೊಂಡರೆ 28 ಹೋಗಿ 70 ಯೂನಿಟ್ ಆಗುತ್ತದೆ. ಯೂನಿಟ್ಟಿಗೆ 7 ರೂಪಾಯಿ ಹಿಡಿದರೆ 490 ರೂಪಾಯಿ. ರಾಜ್ಯದಲ್ಲಿ 10 ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಕರೆಂಟ್ ಉಚಿತವಾದ್ದರಿಂದ ಈ ಹಣ ರೈತನ ಕಣ್ಣಿಗೆ ಬೀಳುವುದಿಲ್ಲ. ಸರ್ಕಾರದ ಸಬ್ಸಿಡಿಯ ಕಡತದಲ್ಲಿ ಬೀಳುತ್ತದೆ.

ಮಕ್ಕಳೂ ದೊಡ್ಡವರೂ ಎಡವುವುದು ಒಂದೇ ಕಡೆ: ಎತ್ತರ ಯಾವುದು? ಬೋರು 500 ಅಡಿ ಕೊರೆಸಿದ್ದೇವೆ ಎಂದು 500 ಹಾಕಿದರೆ ತಪ್ಪು. ಮೋಟಾರು ಇಳಿಬಿಟ್ಟ ಆಳವೂ ಅಲ್ಲ. ಮೋಟಾರು ಓಡುತ್ತಿರುವಾಗ ಬೋರಿನಲ್ಲಿ ನೀರು ಎಲ್ಲಿ ನಿಂತಿದೆಯೋ ಅಲ್ಲಿಂದ ಮೇಲಕ್ಕೆ ಅಳೆಯಬೇಕು. ಅದಕ್ಕಿಂತ ಕೆಳಗಿನ ನೀರನ್ನು ಸುತ್ತಲ ನೀರಿನ ಒತ್ತಡವೇ ಎತ್ತಿ ಹಿಡಿದಿರುತ್ತದೆ. ಹಾಗಾಗಿ ಮೋಟಾರನ್ನು ಇನ್ನೆರಡು ಪೈಪು ಕೆಳಗೆ ಬಿಟ್ಟದ್ದಕ್ಕೆ ಖರ್ಚು ಹೆಚ್ಚುವುದು ಘರ್ಷಣೆಯಷ್ಟೇ. ನೀರಿನ ಮಟ್ಟವೇ ಇಳಿದರೆ ಮಾತ್ರ ಪ್ರತಿ ಮೀಟರಿಗೆ, ಅದೇ ಒಂದು ಇಂಚಿಗೆ, 0.7 ಯೂನಿಟ್ ಏರುತ್ತದೆ. ಮಟ್ಟ 60ರಿಂದ 180 ಮೀಟರಿಗೆ ಇಳಿದರೆ 42 ಯೂನಿಟ್ ಇದ್ದದ್ದು 126.

ಎಚ್‌ಪಿ ವಿಷಯಕ್ಕೆ ಬಂದರೆ, ಅದು ಕೆಲಸವಲ್ಲ, ಕೆಲಸದ ವೇಗ. 1 ಎಚ್‌ಪಿ ಎಂದರೆ ಸೆಕೆಂಡಿಗೆ 746 ಜೂಲ್. 5 ಎಚ್‌ಪಿ ಮೋಟಾರು ಗಂಟೆಗೆ ಸುಮಾರು 4.6 ಯೂನಿಟ್ ಎಳೆದರೆ ನಮ್ಮ ಇಂಚು ಮುಗಿಯಲು 15 ಗಂಟೆ. ದಿನಕ್ಕೆ 7 ಗಂಟೆ ತ್ರೀ ಫೇಸ್ ಬಂದರೆ ಎರಡು ದಿನ ದಾಟುತ್ತದೆ. ಬೋರಿನಲ್ಲಿ ಅಷ್ಟು ನೀರಿದ್ದರೆ 10 ಎಚ್‌ಪಿ ಕೂರಿಸಿ ಅರ್ಧ ಹೊತ್ತಿನಲ್ಲಿ ಮುಗಿಸಬಹುದು. ಯೂನಿಟ್ ಉಳಿಯುವುದಿಲ್ಲ. ಜೋರಾಗಿ ಎಳೆದಾಗ ಬೋರಿನ ಮಟ್ಟ ಇನ್ನೂ ಕುಸಿಯುವುದರಿಂದ ಹೆಚ್ಚೇ ಆದೀತು.

ತೆರೆದ ಬಾವಿಯ ನೀರು 10 ಮೀಟರಿನಲ್ಲಿದ್ದರೆ ಇದೇ ಇಂಚಿನ ಕೆಲಸ ಬರೀ 2.8 ಯೂನಿಟ್. ಕಪಿಲೆಗೆ ಕಟ್ಟಿದ ಒಂದು ಜೋಡಿ ಎತ್ತು 1 ಎಚ್‌ಪಿಯಷ್ಟು ಕೊಟ್ಟರೆ, ಅರ್ಧ ಪೋಲಾದರೂ, ಏಳೂವರೆ ಗಂಟೆ ಸಾಕು. ಎತ್ತುಗಳು ಇಳಿಜಾರಿನಲ್ಲಿ ಕೆಳಗೆ ನಡೆಯುತ್ತ ನೀರೆಳೆಯುವುದರಿಂದ ಅವುಗಳ ಮೈತೂಕವೂ ದುಡಿಯುತ್ತದೆ. ಕಪಿಲೆ ಕಟ್ಟಿದವನಿಗೆ ಜೂಲ್ ಗೊತ್ತಿರಲಿಲ್ಲ, ಯಂತ್ರಶಾಸ್ತ್ರ ಚೆನ್ನಾಗಿ ಗೊತ್ತಿತ್ತು.

ಪಕ್ಕದ ಮುಂಡರಗಿ ತಾಲ್ಲೂಕಿನ ಹಮ್ಮಿಗಿಯಲ್ಲಿ ತುಂಗಭದ್ರೆಯನ್ನು ಎತ್ತುವ ಸಿಂಗಟಾಲೂರು ಏತ ನೀರಾವರಿಗೂ ಸೂತ್ರ ಇದೇ. ಒಂದು ಟಿಎಂಸಿ, ಅಂದರೆ 2,832 ಕೋಟಿ ಲೀಟರ್ ನೀರನ್ನು ಒಂದೇ ಒಂದು ಮೀಟರ್ ಎತ್ತಲು 77,000 ಯೂನಿಟ್ ಕನಿಷ್ಠ. ದೊಡ್ಡ ಪಂಪುಗಳ ದಕ್ಷತೆ ಶೇ. 75 ಎಂದರೆ ಸುಮಾರು 1.03 ಲಕ್ಷ ಯೂನಿಟ್; ಶೇ. 40ರ ಬೋರಿನ ಮೋಟಾರುಗಳಿಂದ ಅಷ್ಟೇ ನೀರನ್ನು ಅಷ್ಟೇ ಎತ್ತಿಸಿದರೆ 1.93 ಲಕ್ಷ.