ದೇವಯಾನಿಯ ಕೇಂದ್ರಭಾಗ: ಅತಿನೇರಳೆ ಬೆಳಕಿನ ಸಾಕ್ಷ್ಯ

ಕಾರ್ತಿಕ ಮಾಸದಲ್ಲಿ ಚಂದ್ರನಿಲ್ಲದ ರಾತ್ರಿ ಕುಷ್ಟಗಿ, ಯಲಬುರ್ಗಾ ಸೀಮೆಯ ಹೊಲಗಳಲ್ಲಿ ನಿಂತು ಉತ್ತರದ ಆಕಾಶವನ್ನು ನೋಡಿದರೆ ಮಸುಕಾದ ಬೆಳಕಿನ ಮಚ್ಚೆಯೊಂದು ಬರಿಗಣ್ಣಿಗೇ ಗೋಚರಿಸುತ್ತದೆ. ಅದೇ ದೇವಯಾನಿ ಗೆಲಾಕ್ಸಿ. ಅದರ ದೂರ ಸುಮಾರು 25 ಲಕ್ಷ ಜ್ಯೋತಿರ್ವರ್ಷ. ಕೊಪ್ಪಳದ ಗವಿಮಠದ ಬಂಡೆಯ ಮೇಲೆ ಅಶೋಕನ ಶಾಸನವನ್ನು ಕೊರೆದಾಗ, ನಾವಿಂದು ಕಾಣುವ ಆ ಬೆಳಕು ತನ್ನ ಪ್ರಯಾಣವನ್ನು ಬಹುಮಟ್ಟಿಗೆ ಮುಗಿಸಿತ್ತು. ಇತಿಹಾಸದ ಅಧ್ಯಾಪಕರಾದ ನಾವು ಈ ವಿಷಯವನ್ನು ಎತ್ತಿಕೊಳ್ಳಲು ಕಾರಣವಿದೆ: ಇಲ್ಲಿಯೂ ಮುಖ್ಯ ಪ್ರಶ್ನೆ ಕಾಲನಿರ್ಣಯವೇ ಆಗಿದೆ.

ನಕ್ಷತ್ರದ ಬಣ್ಣವು ಅದರ ಉಷ್ಣತೆಯನ್ನು ಸೂಚಿಸುತ್ತದೆ. ಭಾರವಾದ ಎಳೆಯ ನಕ್ಷತ್ರಗಳು ಅತ್ಯುಷ್ಣವಾಗಿದ್ದು ಅತಿನೇರಳೆ ಬೆಳಕನ್ನು ಹೇರಳವಾಗಿ ಸೂಸುತ್ತವೆ. ಆದರೆ ಅವು ಅಲ್ಪಾಯುಗಳು. ದೇವಯಾನಿಯ ನಡುವಣ ಉಬ್ಬಿನಲ್ಲಿ ಇರುವವು ಬಹುಪಾಲು ಹಳೆಯ, ಕೆಂಪು ನಕ್ಷತ್ರಗಳು. ಆದುದರಿಂದ ಅಲ್ಲಿ ಅತಿನೇರಳೆ ಬೆಳಕು ಅತ್ಯಲ್ಪವಾಗಿರಬೇಕೆಂದು ಎಣಿಸಲಾಗಿತ್ತು. ನಮ್ಮ ವಾಯುಮಂಡಲವು ಈ ಬೆಳಕನ್ನು ತಡೆಯುವುದರಿಂದ ಭೂಮಿಯಿಂದ ಅದನ್ನು ಪರೀಕ್ಷಿಸುವಂತಿರಲಿಲ್ಲ. 1968ರಲ್ಲಿ ಅಮೆರಿಕವು ಹಾರಿಸಿದ ಓ.ಎ.ಓ.–2 ಉಪಗ್ರಹವು ನೋಡಿದಾಗ, ಎಣಿಕೆಗೆ ವಿರುದ್ಧವಾಗಿ ಅಲ್ಲಿ ಅತಿನೇರಳೆ ಬೆಳಕು ಅಧಿಕವಾಗಿತ್ತು.

ಹಾಗಾದರೆ ಅಲ್ಲಿ ಹೊಸ ನಕ್ಷತ್ರಗಳು ಹುಟ್ಟುತ್ತಿವೆಯೆ? ಅವಸರದ ಉತ್ತರ ಸಲ್ಲದು. ಹೊಸದಾಗಿ ಸುಣ್ಣ ಬಳಿದ ಗುಡಿಯನ್ನು ಕಂಡು ಗುಡಿಯೇ ಹೊಸದೆನ್ನಲಾಗದಷ್ಟೆ. ಕೆಲವು ಮುದಿ ನಕ್ಷತ್ರಗಳು ತಮ್ಮ ಹೊರಪದರವನ್ನು ಕಳೆದುಕೊಂಡು ಬಿಸಿಯಾದ ಒಳಭಾಗವನ್ನು ತೋರುತ್ತವೆ. ಬಣ್ಣದಲ್ಲಿ ಅವು ಎಳೆಯವುಗಳಂತೆಯೇ ಕಾಣುತ್ತವೆ. ಹಬಲ್ ದೂರದರ್ಶಕವು 1990ರ ದಶಕದಲ್ಲಿ ಇಂತಹ ನಕ್ಷತ್ರಗಳನ್ನು ಅಲ್ಲಿ ಬಿಡಿಬಿಡಿಯಾಗಿ ತೋರಿಸಿಕೊಟ್ಟಿತು. ಆದರೆ 2005ರಲ್ಲಿ, ನಟ್ಟನಡುವಣ ಕೃಷ್ಣವಿವರವನ್ನು ಸುತ್ತುವ 400ಕ್ಕೂ ಹೆಚ್ಚು ನೀಲಿ ನಕ್ಷತ್ರಗಳು ಸುಮಾರು 20 ಕೋಟಿ ವರ್ಷಗಳ ಹಿಂದೆ ಹುಟ್ಟಿದವೆಂದು ಅದೇ ದೂರದರ್ಶಕದ ನೆರವಿನಿಂದ ತಿಳಿದುಬಂದಿತು. ಹೀಗೆ ಮುದಿತನವೂ ಎಳೆತನವೂ ಒಂದೆಡೆ ಬೆರೆತಿವೆ.

ಇವನ್ನು ಬೇರ್ಪಡಿಸುವ ಕಾರ್ಯದಲ್ಲಿ ಕನ್ನಡನಾಡಿನ ಪಾಲೂ ಉಂಟು. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ನೇತೃತ್ವದಲ್ಲಿ ಸಿದ್ಧವಾದ ಅತಿನೇರಳೆ ದೂರದರ್ಶಕವು 2015ರ ಸೆಪ್ಟೆಂಬರ್ 28ರಂದು ಆಸ್ಟ್ರೋಸ್ಯಾಟ್ ಉಪಗ್ರಹದೊಡನೆ ಶ್ರೀಹರಿಕೋಟೆಯಿಂದ ಮೇಲೇರಿತು. ಅದರ ಅವಳಿ ದರ್ಪಣಗಳ ವ್ಯಾಸ ಸುಮಾರು 38 ಸೆಂಟಿಮೀಟರು ಮಾತ್ರ. ಆದರೂ ಅದು ಹುಣ್ಣಿಮೆಯ ಚಂದ್ರಬಿಂಬದಷ್ಟು ಅಗಲದ ಆಕಾಶವನ್ನು ಒಮ್ಮೆಗೇ ಚಿತ್ರಿಸಿ, ಒತ್ತಾಗಿರುವ ನಕ್ಷತ್ರಗಳನ್ನು ಬಿಡಿಸಿ ತೋರಬಲ್ಲುದು. ಅದು ದೇವಯಾನಿಯ ಉಬ್ಬನ್ನು ಹಲವು ಶೋಧಕಗಳ ಮೂಲಕ ಚಿತ್ರಿಸಿತು. ವಿದ್ವಾಂಸರು ಆ ಅಳತೆಗಳನ್ನು ಹಬಲ್‌ನ ಅಳತೆಗಳೊಡನೆ ಹೋಲಿಸಿ ಒಂದೊಂದು ನಕ್ಷತ್ರದ ಉಷ್ಣತೆಯನ್ನೂ ವಯಸ್ಸನ್ನೂ ಗಣಿಸಲು ತೊಡಗಿದರು.

ಒಂದೇ ಸಾಕ್ಷ್ಯವನ್ನು ನಂಬದೆ ಲಿಪಿ, ಭಾಷೆ, ಶಿಲೆಗಳನ್ನು ಕೂಡಿಸಿ ಶಾಸನದ ಕಾಲವನ್ನು ನಿರ್ಧರಿಸುವುದನ್ನು ನಾವು ವಿದ್ಯಾರ್ಥಿಗಳಿಗೆ ಬೋಧಿಸುತ್ತೇವೆ. ಆಕಾಶದ ಇತಿಹಾಸಕ್ಕೂ ಅನ್ವಯಿಸುವ ನಿಯಮ ಅದೇ.