ಗಣಕಯಂತ್ರದ ಸ್ಮೃತಿಪಟ್ಟಿ: ಬೇರೆ ಕಂಪನಿಯದು ಕೂಡುವುದೇ?

ಮೇಜಿನ ಮೇಲಿನ ಗಣಕಯಂತ್ರಕ್ಕೆ ವಯಸ್ಸಾಯಿತೆಂಬುದು ಮೊದಲು ತಿಳಿಯುವುದು ಅದರ ನಡಿಗೆಯಿಂದ. ಒಂದು ಕಡತ ತೆರೆದುಕೊಳ್ಳುವಷ್ಟರಲ್ಲಿ ಲೋಟದಲ್ಲಿಯ ಕಾಫಿ ಆರಿ ಹೋಗಿರುತ್ತದೆ. ಆಗ ಬಲ್ಲವರು "ರ‍್ಯಾಮ್ ಹೆಚ್ಚಿಸಿರಿ" ಎಂದು ಹೇಳುತ್ತಾರೆ. ಸಲಹೆಯೇನೋ ಯೋಗ್ಯವಾದದ್ದೇ. ಯಂತ್ರವನ್ನೇ ಬದಲಾಯಿಸುವಷ್ಟು ಹಣ ವಿದ್ಯಾರ್ಥಿಗಳಾದ ನಮ್ಮಲ್ಲಿ ಎಷ್ಟು ಜನರ ಬಳಿ ಇದ್ದೀತು? ಇರುವ ಸ್ಮೃತಿಪಟ್ಟಿಯ ಪಕ್ಕದಲ್ಲಿ ಇನ್ನೊಂದನ್ನು ಸೇರಿಸಿದರೆ ಅದೇ ಯಂತ್ರದಲ್ಲಿ ಇನ್ನೂ ಕೆಲವು ವರ್ಷ ಕಳೆಯಬಹುದು. ಆದರೆ ಅಂಗಡಿಗೆ ಹೋದೊಡನೆ ತೊಡಕು ಬರುತ್ತದೆ. ಯಂತ್ರದಲ್ಲಿರುವ ಪಟ್ಟಿ ಒಂದು ಕಂಪನಿಯದು. ಅಂಗಡಿಯಲ್ಲಿ ದೊರೆಯುವುದು ಇನ್ನೊಂದರದು. "ಬೇರೆ ಕಂಪನಿಯದನ್ನು ಬೆರೆಸಿದರೆ ಯಂತ್ರವೇ ಕೆಟ್ಟೀತು, ಎರಡನ್ನೂ ಹೊಸದಾಗಿ ಕೊಳ್ಳಿರಿ" ಎಂದು ಒಬ್ಬರು ಹೆದರಿಸುತ್ತಾರೆ. "ಏನೂ ಆಗುವುದಿಲ್ಲ" ಎಂದು ಪಕ್ಕದ ಅಂಗಡಿಯವರು ಧೈರ್ಯ ಹೇಳುತ್ತಾರೆ. ನಾನು ಇತಿಹಾಸದ ವಿದ್ಯಾರ್ಥಿ. ಆದರೂ ಹಾಸ್ಟೆಲಿನ ಗೆಳೆಯರ ಯಂತ್ರಗಳನ್ನು ಬಿಚ್ಚಿ ಜೋಡಿಸುವ ಹವ್ಯಾಸ ನನಗುಂಟು. ಆ ಅನುಭವದಿಂದಲೂ ಓದಿನಿಂದಲೂ ತಿಳಿದುದನ್ನು ವಾಚಕರ ಮುಂದಿಡುತ್ತೇನೆ.

ಮೊದಲು ಈ ಪಟ್ಟಿ ಮಾಡುವ ಕೆಲಸವೇನೆಂಬುದನ್ನು ನೋಡೋಣ. ಗಣಕಯಂತ್ರದ ಡಿಸ್ಕು ಮನೆಯ ಕಣಜವಿದ್ದಂತೆ. ಕಾಳು ಅಲ್ಲಿ ವರ್ಷಗಟ್ಟಲೆ ಇರುತ್ತದೆ. ರ‍್ಯಾಮ್ ಎಂಬುದು ಅಡುಗೆಮನೆಯ ಮೊರ. ಈಗ ಬೇಕಾದುದನ್ನು ಮಾತ್ರ ಅದರಲ್ಲಿ ಹರಡಿಕೊಂಡು ಕೆಲಸ ಮಾಡಬೇಕು. ಮೊರ ಚಿಕ್ಕದಾದರೆ ಗಳಿಗೆಗೊಮ್ಮೆ ಕಣಜಕ್ಕೆ ಓಡಬೇಕು. ಹಳೆಯ ಯಂತ್ರದ ಮಂದಗತಿಗೆ ಬಹಳ ಸಲ ಈ ಓಡಾಟವೇ ಕಾರಣ. ರ‍್ಯಾಮಿನ ಒಂದೊಂದು ಕೋಶದಲ್ಲಿ ಇರುವುದು ಒಂದು ಟ್ರಾನ್ಸಿಸ್ಟರು ಮತ್ತು ಒಂದು ಕೆಪಾಸಿಟರು. ಕೆಪಾಸಿಟರಿನಲ್ಲಿ ವಿದ್ಯುತ್ತು ತುಂಬಿದ್ದರೆ 1, ಬರಿದಾಗಿದ್ದರೆ 0. ಈ ವಿಧಾನಕ್ಕೆ 1968ರಲ್ಲಿ ಪೇಟೆಂಟು ಪಡೆದವರು ಐ.ಬಿ.ಎಂ. ಸಂಸ್ಥೆಯ ರಾಬರ್ಟ್ ಡೆನ್ನಾರ್ಡ್. ಕೋಶದೊಳಗಿನ ವಿದ್ಯುತ್ತು ತೂತು ಮಡಕೆಯ ನೀರಿನಂತೆ ಸೋರುತ್ತಿರುವುದರಿಂದ, ಸಾಮಾನ್ಯವಾಗಿ 64 ಮಿಲಿಸೆಕೆಂಡಿಗೊಮ್ಮೆ ಅದನ್ನು ಮತ್ತೆ ತುಂಬಬೇಕು. ಓದುವುದಕ್ಕೆ ಇಷ್ಟು ಹೊತ್ತು, ಬರೆಯುವುದಕ್ಕೆ ಇಷ್ಟು, ತುಂಬುವುದಕ್ಕೆ ಇಷ್ಟು ಎಂಬ ಲೆಕ್ಕವುಂಟು. ಎರಡು ಪಟ್ಟಿಗಳು ಕೂಡುತ್ತವೆಯೇ ಇಲ್ಲವೇ ಎಂಬುದು ಈ ಲೆಕ್ಕಕ್ಕೆ ಸೇರಿದ ಪ್ರಶ್ನೆ, ಹೆಸರಿಗೆ ಸೇರಿದುದಲ್ಲ.

ಹಾಗಾದರೆ ಪಟ್ಟಿಯ ಮೇಲಿನ ಹೆಸರಿಗೆ ಬೆಲೆಯೇನು? ಜಗತ್ತಿನಲ್ಲಿ ತಯಾರಾಗುವ ರ‍್ಯಾಮ್ ಚಿಪ್ಪುಗಳಲ್ಲಿ ಬಹುಪಾಲು ಮೂರು ಸಂಸ್ಥೆಗಳವು: ದಕ್ಷಿಣ ಕೊರಿಯದ ಸ್ಯಾಮ್‌ಸಂಗ್ ಮತ್ತು ಎಸ್.ಕೆ. ಹೈನಿಕ್ಸ್, ಅಮೆರಿಕದ ಮೈಕ್ರಾನ್. ಕಿಂಗ್‌ಸ್ಟನ್, ಕೋರ್ಸೇರ್ ಮೊದಲಾದವು ಈ ಚಿಪ್ಪುಗಳನ್ನು ಕೊಂಡು, ಪಟ್ಟಿಯ ಮೇಲೆ ಕೂಡಿಸಿ, ತಮ್ಮ ಚೀಟಿ ಅಂಟಿಸಿ ಮಾರುತ್ತವೆ. ಆದಕಾರಣ ಬೇರೆ ಬೇರೆ ಹೆಸರಿನ ಎರಡು ಪಟ್ಟಿಗಳ ಒಡಲಲ್ಲಿ ಒಂದೇ ಕಾರ್ಖಾನೆಯ ಚಿಪ್ಪು ಇದ್ದೀತು. ಒಂದೇ ಹೆಸರಿನ, ಒಂದೇ ಮಾದರಿಯ ಎರಡು ಪಟ್ಟಿಗಳಲ್ಲಿ ಬೇರೆ ಬೇರೆ ಕಾರ್ಖಾನೆಯ ಚಿಪ್ಪುಗಳೂ ಇದ್ದಾವು. ಹೆಸರು ನೋಡಿ ಹೊಂದಾಣಿಕೆಯನ್ನು ನಿರ್ಣಯಿಸುವುದು ಅಂಗಿಯ ಬಣ್ಣ ನೋಡಿ ಗುಣ ಹೇಳಿದಂತೆ.

ಎಲ್ಲರನ್ನೂ ಒಂದೇ ಅಳತೆಗೆ ತರುವುದು ಜೆಡೆಕ್ ಎಂಬ ಸಂಸ್ಥೆಯ ಮಾನದಂಡ. ಸರಕಾರದ ಮುದ್ರೆ ಬಿದ್ದ ಸೇರಿನಲ್ಲಿ ಯಾವ ಅಂಗಡಿಯವನು ಅಳೆದರೂ ಸೇರು ಸೇರೇ ಅಲ್ಲವೇ? ಅಂತೆಯೇ ಇದೂ. ಆದರೆ ಈ ಮಾನದಂಡದಲ್ಲಿ ತಲೆಮಾರುಗಳಿವೆ. ಡಿ.ಡಿ.ಆರ್. 3 ನಡೆಯುವುದು 1.5 ವೋಲ್ಟಿನಲ್ಲಿ, ಅದಕ್ಕೆ 240 ಸಂಪರ್ಕಗಳು. ಡಿ.ಡಿ.ಆರ್. 4ಕ್ಕೆ 1.2 ವೋಲ್ಟು, 288 ಸಂಪರ್ಕಗಳು. 2020ರಲ್ಲಿ ಮಾನದಂಡ ಪ್ರಕಟವಾದ ಡಿ.ಡಿ.ಆರ್. 5ಕ್ಕೂ ಸಂಪರ್ಕಗಳು 288ಾದರೂ ವೋಲ್ಟು 1.1. ಒಂದು ತಲೆಮಾರಿನದು ಇನ್ನೊಂದರ ಜಾಗದಲ್ಲಿ ಕೂಡದಿರಲೆಂದೇ ಪಟ್ಟಿಯ ಅಂಚಿನ ಕಚ್ಚನ್ನು ಬೇರೆ ಬೇರೆ ಸ್ಥಳದಲ್ಲಿ ಇಟ್ಟಿದ್ದಾರೆ. ಕೂಡದಿದ್ದರೆ ಬಲ ಪ್ರಯೋಗಿಸಬಾರದು. ಇನ್ನೊಂದು ಎಚ್ಚರಿಕೆ: ದೊಡ್ಡ ಸರ್ವರ್ ಯಂತ್ರಗಳಿಂದ ಕಿತ್ತ "ರಿಜಿಸ್ಟರ್ಡ್" ಪಟ್ಟಿಗಳು ಅಗ್ಗವಾಗಿ ಮಾರಾಟಕ್ಕೆ ಬರುವುದುಂಟು. ಅವು ನಮ್ಮ ಸಾಧಾರಣ ಯಂತ್ರಗಳಲ್ಲಿ ನಡೆಯುವುದಿಲ್ಲ. ಇವೆರಡು ವಿಷಯಗಳಲ್ಲಿ ರಾಜಿಯಿಲ್ಲ.

ವೇಗದ ವಿಷಯದಲ್ಲಿ ಮಾತ್ರ ರಾಜಿಯುಂಟು. ಪ್ರತಿಯೊಂದು ಪಟ್ಟಿಯ ಮೇಲೂ ಎಸ್.ಪಿ.ಡಿ. ಎಂಬ ಪುಟ್ಟ ಚಿಪ್ಪಿದ್ದು, ಅದರಲ್ಲಿ ಆ ಪಟ್ಟಿಯ ಜಾತಕವೇ ಬರೆದಿರುತ್ತದೆ. ಯಂತ್ರ ಏಳುವಾಗ ಬಯಾಸ್ ಎಲ್ಲ ಜಾತಕಗಳನ್ನೂ ಓದಿ, ಎಲ್ಲರಿಗೂ ಸಾಧ್ಯವಾಗುವ ವೇಗವನ್ನು ಗೊತ್ತುಪಡಿಸುತ್ತದೆ. ನೊಗಕ್ಕೆ ಕಟ್ಟಿದ ಜೋಡೆತ್ತುಗಳಲ್ಲಿ ಒಂದು ಚುರುಕು, ಒಂದು ನಿಧಾನವಾದರೆ ನೇಗಿಲು ನಿಧಾನದ ಎತ್ತಿನ ಗತಿಯಲ್ಲಿಯೇ ಸಾಗುತ್ತದಷ್ಟೆ. ಡಿ.ಡಿ.ಆರ್. 4ರಲ್ಲಿ 2400ರ ಪಟ್ಟಿ ಸೆಕೆಂಡಿಗೆ 19,200 ಮೆಗಾಬೈಟುಗಳನ್ನೂ 3200ರ ಪಟ್ಟಿ 25,600 ಮೆಗಾಬೈಟುಗಳನ್ನೂ ಸಾಗಿಸಬಲ್ಲುದು. ಎರಡನ್ನೂ ಕೂಡಿಸಿದರೆ 3200ರದೂ 2400ರ ಗತಿಗೆ ಇಳಿಯುತ್ತದೆ. ಇದರಿಂದ ಕೆಡುಕಿಲ್ಲ, ಹೆಚ್ಚಿನ ವೇಗಕ್ಕೆ ತೆತ್ತ ಹಣ ಮಾತ್ರ ವ್ಯರ್ಥ.

ಗಾತ್ರ ಬೇರೆಯಾದರೂ ನಡೆಯುತ್ತದೆ. 8 ಮತ್ತು 8 ಗಿಗಾಬೈಟಿನ ಎರಡು ಪಟ್ಟಿಗಳು ಎರಡು ಕಾಲುವೆಗಳಲ್ಲಿ ಸಮನಾಗಿ ಹರಿಯುವುದು ಉತ್ತಮ. 4 ಮತ್ತು 8 ಆದರೆ ಅನೇಕ ಯಂತ್ರಗಳು ಸಮನಾದ ಭಾಗವನ್ನು, ಎಂದರೆ ನಾಲ್ಕಕ್ಕೆ ನಾಲ್ಕನ್ನು, ಎರಡು ಕಾಲುವೆಗಳಲ್ಲಿ ನಡೆಸಿ, ಉಳಿದ ನಾಲ್ಕನ್ನು ಒಂದೇ ಕಾಲುವೆಯಲ್ಲಿ ನಡೆಸುತ್ತವೆ.

ನಿಜವಾಗಿ ತೊಂದರೆ ಬರುವುದು ಅವಸರದಿಂದ. ಕೆಲವು ಪಟ್ಟಿಗಳ ಜಾತಕದಲ್ಲಿ ಎಕ್ಸ್.ಎಂ.ಪಿ. ಎಂಬ ಇನ್ನೊಂದು ಪುಟವಿರುತ್ತದೆ. ಮಾನದಂಡವನ್ನು ಮೀರಿ ಓಡಬಲ್ಲೆನೆಂಬ ಹೇಳಿಕೆ ಅದು, ಡಿ.ಡಿ.ಆರ್. 4ರಲ್ಲಿ ಸಾಮಾನ್ಯವಾಗಿ 1.35 ವೋಲ್ಟನ್ನು ಬೇಡುತ್ತದೆ. ಒಂದು ಪಟ್ಟಿಯ ಈ ಪ್ರತಿಜ್ಞೆಯನ್ನು ಜೊತೆಯದರ ಮೇಲೂ ಹೇರಿದರೆ ಅದು ತಾಳದೆ ಹೋದೀತು. ಯಂತ್ರ ಏಳದಿರಬಹುದು; ಅಥವಾ ಎದ್ದು, ನಡುವೆ ತಪ್ಪು ಮಾಡಬಹುದು. ಆದ್ದರಿಂದ ಬೆರೆಸಿದ ಜೋಡಿಗೆ ಮಾನದಂಡದ ವೇಗವೇ ಕ್ಷೇಮ.

ಯಂತ್ರ ಏಳದಿದ್ದರೆ ಚಿಂತೆಯಿಲ್ಲ, ದೋಷ ಕಣ್ಣಿಗೆ ಕಾಣುತ್ತದೆ. ಭಯಪಡಬೇಕಾದುದು ಎದ್ದು ತಪ್ಪು ಮಾಡುವ ಯಂತ್ರಕ್ಕೆ. ಗಣಕಯಂತ್ರದ ಬರವಣಿಗೆಯಲ್ಲಿ 'ಕ'ಕಾರಕ್ಕೂ 'ಗ'ಕಾರಕ್ಕೂ ಇರುವ ಅಂತರ ಒಂದೇ ಒಂದು ಬಿಟ್ಟು. ಒಂದು ಕೋಶ 0 ಎಂಬುದನ್ನು 1 ಎಂದು ತಿಳಿದರೆ 'ಕುರಿ' ಎಂದು ಬರೆದದ್ದು 'ಗುರಿ' ಆಗುತ್ತದೆ. 5 ಮತ್ತು 7 ಎಂಬ ಅಂಕಿಗಳ ನಡುವೆಯೂ ಅಷ್ಟೇ ಅಂತರ. ತಾಳಿಕೋಟೆಯ ಯುದ್ಧ ನಡೆದ 1565 ಎಂಬುದು ಸದ್ದಿಲ್ಲದೆ 1765 ಆದರೆ ಯಾವ ಯಂತ್ರವೂ ಎಚ್ಚರಿಸುವುದಿಲ್ಲ. ಇತಿಹಾಸದವನಾದ ನನಗೆ ಇದಕ್ಕಿಂತ ದೊಡ್ಡ ಅನಾಹುತವಿಲ್ಲ.

ನನ್ನ ಗೆಳೆಯನೊಬ್ಬ ತನ್ನೂರಿನ ಗುಡಿಯ ಶಾಸನಗಳನ್ನು ಓದಿ ಪ್ರಬಂಧ ಬರೆಯುತ್ತಿದ್ದ. ಒಂದು ಬೆಳಗ್ಗೆ ಕಡತ ತೆರೆಯಲೇ ಇಲ್ಲ. ಕೆಲವು ವಾರಗಳ ಹಿಂದೆ ಬೇರೆ ಕಂಪನಿಯ ಪಟ್ಟಿಯೊಂದನ್ನು ಸೇರಿಸಿದ್ದುದರಿಂದ ಎಲ್ಲರೂ ಅದನ್ನೇ ದೂರಿದರು. ನಾವು ಎರಡನ್ನೂ ಬಿಡಿಬಿಡಿಯಾಗಿ ಪರೀಕ್ಷಿಸಿದೆವು. ಹೊಸತು ರಾತ್ರಿಯೆಲ್ಲ ಒಂದು ತಪ್ಪನ್ನೂ ಮಾಡಲಿಲ್ಲ. ಯಂತ್ರದೊಡನೆಯೇ ಬಂದ, ಯಾರೂ ಸಂಶಯಿಸದಿದ್ದ ಹಳೆಯ ಪಟ್ಟಿ ಮೊದಲ ಸುತ್ತಿನಲ್ಲಿಯೇ ಸಿಕ್ಕಿಬಿತ್ತು. ಹೊಸದಾಗಿ ಬಂದವರ ಮೇಲೆ ಅಪವಾದ ಹೊರಿಸುವುದು ಎಲ್ಲ ಕಡೆಯೂ ಸುಲಭವೆಂದು ಕಾಣುತ್ತದೆ! ಗೆಳೆಯ ತನ್ನ ನೋಟುಪುಸ್ತಕ ಹಿಡಿದು ಪ್ರಬಂಧವನ್ನು ಮತ್ತೆ ಬರೆಯಬೇಕಾಯಿತು.

ಆದುದರಿಂದ ಪರೀಕ್ಷೆಯ ಕ್ರಮವನ್ನು ಹೇಳಿಬಿಡುತ್ತೇನೆ. ವಿದ್ಯುತ್ತಿನ ತಂತಿಯನ್ನು ಕಿತ್ತು, ಯಂತ್ರದ ಲೋಹದ ಮೈಯನ್ನು ಮುಟ್ಟಿ ಕೈಯಲ್ಲಿರುವ ಸ್ಥಿರವಿದ್ಯುತ್ತನ್ನು ಕಳೆದುಕೊಳ್ಳಬೇಕು. ಪಟ್ಟಿಯನ್ನು ಎರಡು ತುದಿಗಳಲ್ಲಿ ಹಿಡಿದು ಕೂಡಿಸಬೇಕು. ಬಳಿಕ ಮೆಮ್‌ಟೆಸ್ಟ್86+ ಎಂಬ ಉಚಿತ ಸಾಧನವನ್ನು ಪೆನ್‌ಡ್ರೈವಿನಿಂದ ನಡೆಸಿ, ರಾತ್ರಿಯಿಡೀ ಬಿಡಬೇಕು. ಕನಿಷ್ಠ ನಾಲ್ಕು ಸುತ್ತಾದರೂ ಆಗಲಿ. ಒಂದೇ ಒಂದು ತಪ್ಪು ಕಂಡರೂ ಆ ಜೋಡಿಯನ್ನು ನಂಬಬಾರದು. ಒಂದೊಂದನ್ನೇ ಇಟ್ಟು ಪರೀಕ್ಷಿಸಿ ತಪ್ಪಿತಸ್ಥನನ್ನು ಹಿಡಿಯಬೇಕು. ಒಂಟಿಯಾಗಿ ಎರಡೂ ಸರಿಯಿದ್ದು ಜೊತೆಯಲ್ಲಿ ಮಾತ್ರ ತಪ್ಪುವುದೂ ಉಂಟು. ಆಗ ಬಯಾಸಿನಲ್ಲಿ ವೇಗ ಇಳಿಸಿ ನೋಡಬೇಕು. ಆಗಲೂ ತಪ್ಪಿದರೆ ಪಟ್ಟಿಯನ್ನು ಅಂಗಡಿಗೆ ಹಿಂದಿರುಗಿಸಬೇಕು. ಕೊಳ್ಳುವಾಗಲೇ ಹಿಂದಿರುಗಿಸುವ ಮಾತನ್ನು ರಸೀತಿಯಲ್ಲಿ ಬರೆಸಿಕೊಂಡಿರುವುದು ಜಾಣತನ.

ಜೋಡಿಯಾಗಿಯೇ ಪರೀಕ್ಷಿಸಿ ಮಾರುವ ಪಟ್ಟಿಗಳನ್ನು ಕೊಳ್ಳಬಲ್ಲವರು ಕೊಳ್ಳಲಿ; ಅದು ಒಳ್ಳೆಯದೇ. ಆದರೆ ಬೆರೆಸುವುದು ಇನ್ನು ಮುಂದೆ ಅನೇಕರಿಗೆ ಅನಿವಾರ್ಯವಾದೀತು. 1996ರಿಂದ ಕ್ರೂಷಿಯಲ್ ಎಂಬ ಹೆಸರಿನಲ್ಲಿ ಪಟ್ಟಿಗಳನ್ನು ಮಾರುತ್ತಿದ್ದ ಮೈಕ್ರಾನ್ ಸಂಸ್ಥೆ, ಗ್ರಾಹಕರಿಗೆ ನಡೆಸುತ್ತಿದ್ದ ಆ ವ್ಯಾಪಾರವನ್ನು ನಿಲ್ಲಿಸುವುದಾಗಿ 2025ರ ಡಿಸೆಂಬರಿನಲ್ಲಿ ಸಾರಿತು. ಆ ಹೆಸರಿನ ಪಟ್ಟಿಯುಳ್ಳವರು ಅದಕ್ಕೆ ಜೊತೆಯನ್ನು ಬೇರೆ ಹೆಸರಿನಲ್ಲಿಯೇ ಹುಡುಕಬೇಕಾದೀತು. ಅಂಥವರು ಹೆದರಿ ಹಳೆಯದನ್ನು ಎಸೆಯಬೇಕಾಗಿಲ್ಲ. ಕಣ್ಣು ಮುಚ್ಚಿ ನಂಬಬೇಕಾಗಿಯೂ ಇಲ್ಲ. ತಲೆಮಾರು ಒಂದೇ ಇರಲಿ, ವೇಗ ಮಾನದಂಡದೊಳಗಿರಲಿ, ಒಂದು ರಾತ್ರಿಯ ಪರೀಕ್ಷೆ ನಡೆಯಲಿ. ಅದರಲ್ಲಿ ಗೆದ್ದ ಪಟ್ಟಿಯ ಮೇಲೆ ಯಾವ ಹೆಸರಿದ್ದರೇನು?