ಪತಿಯ ದಿವಾಳಿ ವಿಚಾರಣೆ, ಪತ್ನಿಯ ಆರೋಗ್ಯ

ಮುಂಬಯಿಯ ಉಪನಗರದಲ್ಲಿ ಎರಡು ಕೋಣೆಗಳ ಒಂದು ಮನೆಯನ್ನು ಕಲ್ಪಿಸಿಕೊಳ್ಳಬಹುದು. ಯಜಮಾನರು ಉಡುಪಿಯ ಕಡೆಯವರು. ಪರರ ಹೋಟೆಲಿನಲ್ಲಿ ದುಡಿದು, ಕೆಲಸ ಕಲಿತು, ಬಾಡಿಗೆಯ ಜಾಗದಲ್ಲಿ ತಮ್ಮದೇ ಆದ ಸಣ್ಣ ಹೋಟೆಲನ್ನು ತೆರೆದವರು. 2020ರ ಮಾರ್ಚ್ 25ರಂದು ದೇಶವೆಲ್ಲ ಬಾಗಿಲು ಮುಚ್ಚಿದಾಗ ಅವರ ಹೋಟೆಲಿನ ಒಲೆಯೂ ಆರಿತು. ಬಾಡಿಗೆ ಬಡ್ಡಿಗಳು ಮಾತ್ರ ನಿಲ್ಲಲಿಲ್ಲ. ಒಂದು ಸಾಲವನ್ನು ತೀರಿಸಲು ಇನ್ನೊಂದು ಸಾಲ, ಅದಕ್ಕಾಗಿ ಮತ್ತೊಂದು. ಕಡೆಗೆ ಉಳಿದ ದಾರಿ ದಿವಾಳಿಯ ಅರ್ಜಿ ಒಂದೇ. ಮುಂದಿನ ತಿಂಗಳು ಹೈಕೋರ್ಟಿನಲ್ಲಿ ವಿಚಾರಣೆ. ಗೋಡೆಯ ಕ್ಯಾಲೆಂಡರಿನಲ್ಲಿ ಆ ತಾರೀಖಿಗೆ ಯಾರೂ ಗುರುತು ಹಾಕಿಲ್ಲ. ಆದರೂ ಮನೆಯವರೆಲ್ಲರ ಕಣ್ಣು ಅಲ್ಲಿಯೇ.

ಗೃಹಿಣಿಗೆ ರಾತ್ರಿ ಎರಡು ಗಂಟೆಗೆ ಎಚ್ಚರವಾದರೆ ಮತ್ತೆ ನಿದ್ರೆಯಿಲ್ಲ. ಊರಿನಿಂದ ತಾಯಿ ಫೋನ್ ಮಾಡಿದರೆ "ಎಲ್ಲ ಸೌಖ್ಯ, ಅಮ್ಮಾ" ಎನ್ನುತ್ತಾಳೆ. ಸಂಘದ ಕಾರ್ಯಕ್ರಮಗಳಿಗೆ ಹೋಗುವುದನ್ನು ಬಿಟ್ಟಿದ್ದಾಳೆ. ನ್ಯಾಯಾಲಯದ ಕಾಗದಗಳಲ್ಲಿರುವುದು ಪತಿಯ ಹೆಸರೊಂದೇ. ಆದರೆ ಆ ಮನೆಯ ಇನ್ನೊಂದು ಜೀವವೂ ದಿನದಿನವೂ ವಿಚಾರಣೆಗೆ ಒಳಗಾಗುತ್ತಿರುತ್ತದೆ. ಈ ಬೇಗೆಯಲ್ಲಿ ಬಹುಪಾಲು ಹುಟ್ಟುವುದು ಅರಿಯದುದರ ಭಯದಿಂದ. ಆದುದರಿಂದ ಇಂಥ ಮನೆಗೆ ಬೇಕಾದ ಮೊದಲ ಔಷಧ ತಿಳುವಳಿಕೆಯೇ ಆಗಿದೆ.

ವಿಚಾರಣೆ ಎಂದರೇನು?

"ಪಾಪರ್ ಚೀಟಿ ತೆಗೆದುಕೊಂಡ" ಎಂಬ ಮಾತನ್ನು ನಮ್ಮ ಜನ ತಿರಸ್ಕಾರದಿಂದಲೇ ಆಡುತ್ತಾರೆ. ಕಾನೂನಿನ ದೃಷ್ಟಿ ಬೇರೆ. ಮುಂಬಯಿ, ಚೆನ್ನೈ, ಕೋಲ್ಕತ್ತ ನಗರಗಳಲ್ಲಿ ವ್ಯಕ್ತಿಗಳ ದಿವಾಳಿ 1909ರ ಕಾಯಿದೆಗೆ ಒಳಪಟ್ಟು ಹೈಕೋರ್ಟಿನಲ್ಲಿ ನಡೆದರೆ, ಪುಣೆಯಂಥ ಊರುಗಳಲ್ಲಿ 1920ರ ಕಾಯಿದೆಯಂತೆ ಜಿಲ್ಲಾ ನ್ಯಾಯಾಲಯದಲ್ಲಿ ನಡೆಯುತ್ತದೆ. ಕಂಪೆನಿಯ ಸಾಲಕ್ಕೆ ಜಾಮೀನು ನಿಂತವರಿಗೆ 2016ರ ದಿವಾಳಿ ಸಂಹಿತೆ 2019ರ ಡಿಸೆಂಬರ್ 1ರಿಂದ ಅನ್ವಯವಾಗಿದೆ.

ಮುಂಬಯಿಯಲ್ಲಿ ದಿವಾಳಿಯ ಆಜ್ಞೆಯಾದ ಮೇಲೆ ಸಾಲಗಾರನ ಆಸ್ತಿಯು ಅಫಿಷಿಯಲ್ ಅಸೈನಿ ಎಂಬ ಅಧಿಕಾರಿಯ ವಶಕ್ಕೆ ಹೋಗುತ್ತದೆ. ಸಾಲಗಾರನು ತನ್ನ ಸಾಲ, ಆಸ್ತಿ, ಲೇಣಿದಾರರ ಪಟ್ಟಿಯನ್ನು ಪ್ರಮಾಣಪೂರ್ವಕವಾಗಿ ಒಪ್ಪಿಸಬೇಕು. ಬಹಿರಂಗ ವಿಚಾರಣೆಯ ದಿನ ಅವನ ವ್ಯವಹಾರದ ಕುರಿತು ಪ್ರಶ್ನೆಗಳನ್ನು ಕೇಳುತ್ತಾರೆ, ಲೇಣಿದಾರರೂ ಕೇಳಬಹುದು. ಇದು ಲೆಕ್ಕ ಒಪ್ಪಿಸುವ ದಿನವೇ ಹೊರತು ಅಪರಾಧಿಯನ್ನು ಕಟಕಟೆಯಲ್ಲಿ ನಿಲ್ಲಿಸುವ ದಿನವಲ್ಲ. ನಿಜವಾಗಿ ಕೊಡಲಾಗದ ಬಡವನನ್ನು ಸಾಲಕ್ಕಾಗಿ ಸೆರೆಮನೆಗೆ ತಳ್ಳುವುದು ಸಲ್ಲದೆಂದು ಸುಪ್ರೀಂ ಕೋರ್ಟ್ 1980ರಲ್ಲಿಯೇ ಹೇಳಿದೆ. ಮೋಸದ ಆರೋಪ ಅಥವಾ ಚೆಕ್ ತಿರಸ್ಕೃತವಾದ ಮೊಕದ್ದಮೆ ಇದ್ದರೆ ಅದರ ದಾರಿ ಬೇರೆ. ಅದನ್ನು ವಕೀಲರಲ್ಲಿ ಪ್ರತ್ಯೇಕವಾಗಿ ಕೇಳಿ ತಿಳಿಯಬೇಕು.

ಪತ್ನಿಯದು ಯಾವುದು?

ಗೃಹಿಣಿಯ ನಿದ್ರೆಯನ್ನು ಕೆಡಿಸುವ ಎರಡನೆಯ ಪ್ರಶ್ನೆ: "ನನ್ನ ಚಿನ್ನವನ್ನೂ ಒಯ್ಯುವರೇ?" ಪತಿಯ ಸಾಲಕ್ಕೆ ಪತ್ನಿಯು ಪತ್ನಿಯೆಂಬ ಕಾರಣಕ್ಕೇ ಹೊಣೆಯಲ್ಲ. ಸಾಲಪತ್ರಕ್ಕೆ ತಾನೂ ಸಹಿ ಹಾಕಿದ್ದರೆ, ಜಾಮೀನು ನಿಂತಿದ್ದರೆ ಮಾತ್ರ ಹೊಣೆ. ಆದುದರಿಂದ ತಾನು ಎಲ್ಲೆಲ್ಲಿ ಸಹಿ ಮಾಡಿದ್ದೇನೆಂಬುದನ್ನು ಅವಳು ಮೊದಲು ಕಂಡುಕೊಳ್ಳಬೇಕು. ಇನ್ನು ಮುಂದೆ ಓದದೆ ಯಾವ ಕಾಗದಕ್ಕೂ ಸಹಿ ಹಾಕಬಾರದು. ತವರಿನಿಂದ ಬಂದ ಸ್ತ್ರೀಧನ ಅವಳ ಸ್ವಂತದ್ದೆಂದು ಸುಪ್ರೀಂ ಕೋರ್ಟ್ 1985ರಲ್ಲಿ ಸ್ಪಷ್ಟಪಡಿಸಿದೆ. 1874ರ ವಿವಾಹಿತ ಮಹಿಳೆಯರ ಆಸ್ತಿ ಕಾಯಿದೆಯಂತೆ ಪತಿಯು ಹೆಂಡತಿ ಮಕ್ಕಳ ಹಿತಕ್ಕೆಂದು ನಮೂದಿಸಿ ಪ್ರಾಮಾಣಿಕವಾಗಿ ಮಾಡಿಸಿದ ಜೀವವಿಮೆಯ ಹಣ ಲೇಣಿದಾರರಿಗೆ ಸೇರದು. ಭವಿಷ್ಯನಿಧಿಗೂ ಕಾನೂನಿನ ರಕ್ಷಣೆಯಿದೆ. ಅಗತ್ಯದ ಉಡುಪು, ಹಾಸಿಗೆ, ಅಡುಗೆಯ ಪಾತ್ರೆ, ಕಸುಬಿನ ಉಪಕರಣಗಳಿಗೂ ರಿಯಾಯಿತಿಯಿದೆ. ಆದರೆ 1909ರ ಕಾಯಿದೆ ರಚಿತವಾದಾಗ ಅದಕ್ಕೆ ಗೊತ್ತುಪಡಿಸಿದ ಮಿತಿ ಒಟ್ಟು 300 ರೂಪಾಯಿ ಮಾತ್ರ. ಆದಕಾರಣ ಮನೆಯ ಸಾಮಾನುಗಳ ಬಗ್ಗೆ ವಕೀಲರ ಸಲಹೆ ಅವಶ್ಯ.

ಇಲ್ಲಿಯೇ ಒಂದು ಎಚ್ಚರಿಕೆ. ತಾರೀಖು ಸಮೀಪಿಸಿದಾಗ "ಮನೆಯನ್ನು ಹೆಂಡತಿಯ ಹೆಸರಿಗೆ ಮಾಡಿಬಿಡಿ" ಎಂದು ಬುದ್ಧಿ ಹೇಳುವ ಆಪ್ತರು ಎಲ್ಲೆಡೆ ಇರುತ್ತಾರೆ. ದಿವಾಳಿಗೆ ಹಿಂದಿನ ಎರಡು ವರ್ಷಗಳಲ್ಲಿ ಪ್ರತಿಫಲವಿಲ್ಲದೆ ಮಾಡಿದ ಇಂಥ ವರ್ಗಾವಣೆ ನಿಲ್ಲದು. ಅಷ್ಟೇ ಅಲ್ಲ, ಇಂಥ ಮುಚ್ಚುಮರೆಯು ಪ್ರಾಮಾಣಿಕ ಸಾಲಗಾರನನ್ನೂ ಸಂಶಯಕ್ಕೆ ಗುರಿಮಾಡುತ್ತದೆ. ವಕೀಲರಿಗೆ ಕೊಡಲು ಹಣವಿಲ್ಲವೆಂದು ಕೈಚೆಲ್ಲಬೇಕಾಗಿಲ್ಲ. 1987ರ ಕಾಯಿದೆಯಂತೆ ಮಹಿಳೆಯರು ಉಚಿತ ಕಾನೂನು ನೆರವಿಗೆ ಅರ್ಹರು. 15100 ಸಂಖ್ಯೆಗೆ ಫೋನ್ ಮಾಡಿ ವಿಚಾರಿಸಬಹುದು.

ದೇಹದ ಮಾತು

ಅಪಾಯ ಎದುರಾದಾಗ ಹೃದಯದ ಬಡಿತ, ರಕ್ತದೊತ್ತಡ, ರಕ್ತದ ಸಕ್ಕರೆ ಏರುವುದು ದೇಹಧರ್ಮ. ಹಾವನ್ನು ಕಂಡು ಓಡುವವನಿಗೆ ಅದು ಉಪಕಾರಿ. ತಿಂಗಳುಗಟ್ಟಲೆ ತಾರೀಖನ್ನು ಕಾಯುವವರಿಗೆ ಅದೇ ಅಪಕಾರಿ. ತಲೆನೋವು, ಎದೆಯುರಿ, ಹಸಿವಿಲ್ಲದಿರುವಿಕೆ, ಮಕ್ಕಳ ಮೇಲೆ ಸಿಡುಕು ಇವೆಲ್ಲ ಅದರ ಕುರುಹುಗಳು. ಎದೆನೋವು, ಉಸಿರಾಟದ ತೊಂದರೆ ಕಂಡರೆ "ಎಲ್ಲ ಚಿಂತೆಯಿಂದ" ಎಂದು ತಳ್ಳಿಹಾಕದೆ ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಊಟವನ್ನು ಹೊತ್ತಿಗೆ ಸರಿಯಾಗಿ ಮಾಡಬೇಕು. ಗಂಡ ಮಕ್ಕಳಿಗೆ ಬಡಿಸಿ ತಾನು ಚಹಾದಲ್ಲಿ ದಿನ ಕಳೆಯುವುದು ತ್ಯಾಗವಲ್ಲ. ಸಂಜೆಯ ಬಳಿಕ ಚಹಾ ಕಾಫಿಗಳನ್ನು ಬಿಟ್ಟರೆ ನಿದ್ರೆಗೆ ಅನುಕೂಲ. ದಿನಕ್ಕೆ ಅರ್ಧ ಗಂಟೆ ನಡೆಯುವುದಕ್ಕೆ ಖರ್ಚಿಲ್ಲ. ರಕ್ತದೊತ್ತಡ, ಮಧುಮೇಹಗಳ ಮಾತ್ರೆಯನ್ನು ಉಳಿತಾಯಕ್ಕೆಂದು ನಿಲ್ಲಿಸಬಾರದು. ಪಾಲಿಕೆಯ ಆಸ್ಪತ್ರೆ, ಜನೌಷಧಿ ಅಂಗಡಿಗಳು ಇರುವುದೇ ಇದಕ್ಕಾಗಿ. ನೆರೆಮನೆಯವರು ಕೊಟ್ಟ ನಿದ್ರೆಯ ಗುಳಿಗೆಯನ್ನು ಮುಟ್ಟಲೇಬಾರದು.

ಎರಡು ವಾರ ಕಳೆದರೂ ಮನಸ್ಸಿನ ಕತ್ತಲೆ ಸರಿಯದಿದ್ದರೆ, ಯಾವುದರಲ್ಲಿಯೂ ಆಸಕ್ತಿ ಉಳಿಯದಿದ್ದರೆ ವೈದ್ಯರನ್ನು ಕಾಣುವುದು ಅಗತ್ಯ. ಇಬ್ಬರಲ್ಲಿ ಯಾರಾದರೂ "ನಾನಿಲ್ಲದಿದ್ದರೇ ಒಳ್ಳೆಯದಿತ್ತು" ಎಂಬ ಮಾತನ್ನಾಡಿದರೆ ಅದನ್ನು ಬರಿಯ ಬೇಸರವೆಂದು ಬಗೆಯದೆ, ಅವರನ್ನು ಒಂಟಿಯಾಗಿ ಬಿಡದೆ, ನೇರವಾಗಿ ಕೇಳಿ ಅಂದೇ ನೆರವು ಪಡೆಯಬೇಕು. 2022ರಲ್ಲಿ ಆರಂಭವಾದ ಟೆಲಿ-ಮಾನಸ್ ಸೇವೆ 14416 ಸಂಖ್ಯೆಯಲ್ಲಿ ಹಗಲಿರುಳೂ ಉಚಿತವಾಗಿ ದೊರೆಯುತ್ತದೆ. ಅಲ್ಲಿ ಕನ್ನಡದಲ್ಲಿಯೂ ಮಾತನಾಡಬಹುದು.

ಮನೆಯೊಳಗಿನ ಲೆಕ್ಕ

"ಆಗಲೇ ಹೇಳಿದ್ದೆ" ಎಂಬ ಎರಡು ಪದಗಳು ಈ ಕಾಲದಲ್ಲಿ ಯಾವ ಲೇಣಿದಾರನ ಮಾತಿಗಿಂತಲೂ ಕಠೋರ. ಹಾಗೆಂದು ಮೌನವೂ ಮದ್ದಲ್ಲ. ವಾರಕ್ಕೆ ಎರಡು ದಿನ, ಒಂದು ಗಂಟೆ, ದಂಪತಿಗಳು ಕಾಗದಗಳನ್ನು ಮುಂದಿಟ್ಟುಕೊಂಡು ಮಾತನಾಡಲಿ. ಉಳಿದ ಹೊತ್ತು ಆ ಮಾತಿಗೆ ಬಿಡುವಿರಲಿ. ಮಕ್ಕಳಿಗೆ ಅವರ ವಯಸ್ಸಿಗೆ ತಕ್ಕಷ್ಟು ನಿಜವನ್ನು ಹೇಳಬೇಕು: ಹಣದ ತೊಂದರೆಯಿದೆ, ಅದು ನಿಮ್ಮ ತಪ್ಪಲ್ಲ, ನಾವು ಜೊತೆಗಿದ್ದೇವೆ. ಊರಿನವರೆಲ್ಲರಿಗೆ ಹೇಳಬೇಕಾಗಿಲ್ಲ, ನಂಬಿಕೆಯ ಒಬ್ಬರಿಗಾದರೂ ಹೇಳಲೇಬೇಕು.

ವಿಚಾರಣೆಯ ಹಿಂದಿನ ದಿನವೇ ಕಾಗದಗಳನ್ನು ಜೋಡಿಸಿಡುವುದು, ಬೆಳಿಗ್ಗೆ ತಿಂಡಿ ತಿಂದೇ ಹೊರಡುವುದು, ಮಾತ್ರೆ ನೀರುಗಳನ್ನು ಜೊತೆಗೆ ಒಯ್ಯುವುದು ಒಳ್ಳೆಯದು. ಪ್ರಕರಣ ಮುಂದೂಡಲ್ಪಟ್ಟರೆ ಅದನ್ನು ಅಪಶಕುನವೆಂದು ತಿಳಿಯಬಾರದು. ನ್ಯಾಯಾಲಯಗಳಲ್ಲಿ ಅದು ಸಾಮಾನ್ಯ. ಪತ್ನಿ ಜೊತೆಗೆ ಹೋಗುವುದೋ ಮನೆಯಲ್ಲಿರುವುದೋ ಎಂಬುದನ್ನು ಇಬ್ಬರೂ ಮೊದಲೇ ನಿಶ್ಚಯಿಸಿಕೊಂಡರೆ ಆ ಬೆಳಗಿನ ಗೊಂದಲ ತಪ್ಪುತ್ತದೆ.

ದಿವಾಳಿಯ ಕಾಯಿದೆಯಲ್ಲಿ ಬಿಡುಗಡೆ ಎಂಬ ಅಧ್ಯಾಯವೂ ಇದೆ. ನಡತೆ ಪ್ರಾಮಾಣಿಕವಾಗಿದ್ದ ಸಾಲಗಾರನಿಗೆ ನ್ಯಾಯಾಲಯವು ಬಿಡುಗಡೆಯ ಆಜ್ಞೆಯನ್ನು ಕೊಟ್ಟಾಗ, ಸರಕಾರಿ ಬಾಕಿ ಹಾಗೂ ಮೋಸದ ಸಾಲಗಳಂಥವು ಉಳಿದರೂ, ಇತರ ಹಳೆಯ ಸಾಲಗಳ ಹೊರೆ ಇಳಿಯುತ್ತದೆ. ಆ ದಿನ ಬರಲು ವರ್ಷಗಳು ಹಿಡಿಯಬಹುದು. ಅಂದು ಮತ್ತೆ ಒಲೆ ಹೊತ್ತಿಸಲು ಇಬ್ಬರೂ ಆರೋಗ್ಯದಿಂದಿರಬೇಕಾದುದೇ ಮುಖ್ಯ.